ಸೋಲಿನಿಂದ ಪಾಠ ಕಲಿತ ಮೇಷ್ಟ್ರು ರಹೀಂ

ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತ ಚಿನ್ನ ಗೆದ್ದದ್ದು ಎರಡೇ ಬಾರಿ: 1951ರಲ್ಲಿ ನವದೆಹಲಿಯಲ್ಲಿ, 1962ರಲ್ಲಿ ಜಕಾರ್ತದಲ್ಲಿ. ಎರಡೂ ಸಲ ತಂಡವನ್ನು ಪಳಗಿಸಿದವರು ಹೈದರಾಬಾದಿನ ಶಾಲಾ ಶಿಕ್ಷಕ ಸೈಯದ್ ಅಬ್ದುಲ್ ರಹೀಂ.

1909ರಲ್ಲಿ ಜನಿಸಿದ ರಹೀಂ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಹೊಣೆ ಹೊತ್ತರು. ಆ ವರ್ಷದಿಂದ ತಂಡ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ದುರ್ಬಲ ಕಾಲಿನಿಂದ ಮಾತ್ರ ಒದೆಯಬೇಕಾದ ಪಂದ್ಯಗಳು, ಚೆಂಡನ್ನು ತಡಮಾಡದೆ ಸಹ ಆಟಗಾರನಿಗೆ ದಾಟಿಸಬೇಕಾದ ಪಂದ್ಯಗಳು ಅವರ ಪಾಠಕ್ರಮದಲ್ಲಿದ್ದವು.

1951ರ ಗೆಲುವಿನ ಮರುವರ್ಷವೇ ಪೆಟ್ಟು ಬಿತ್ತು. ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು ಭಾರತ 1-10ರಿಂದ ಸೋತಿತು. ಭಾರತದ ಏಕೈಕ ಗೋಲು ಬೆಂಗಳೂರಿನ ಅಹಮದ್ ಖಾನ್ ಅವರದು. ಆ ಚಳಿಯಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ. ಬಳಿಕ ಬೂಟು ಕಡ್ಡಾಯವಾಯಿತು.

ರಹೀಂ ಸೋಲಿಗೆ ನೆಪ ಹುಡುಕಲಿಲ್ಲ, ಆಟದ ರಚನೆಯನ್ನೇ ಬದಲಿಸಿದರು. ಹಂಗೇರಿ ತಂಡ ಖ್ಯಾತಿಗೆ ತಂದಿದ್ದ ಕ್ರಮದಂತೆ ಸೆಂಟರ್ ಫಾರ್ವರ್ಡ್ ಆಟಗಾರನನ್ನು ಹಿಂದಕ್ಕೆ ಸರಿಸಿ ಎದುರಾಳಿಯ ರಕ್ಷಣಾ ವ್ಯೂಹವನ್ನು ಗೊಂದಲಕ್ಕೆ ಕೆಡಹುವ ತಂತ್ರ ಅದು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿ ನಾಲ್ಕನೇ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ತಂಡ ಅದು. ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. 1960ರಲ್ಲಿ ರೋಮ್‌ನಲ್ಲಿ ಫ್ರಾನ್ಸ್ ವಿರುದ್ಧ 1-1ರ ಡ್ರಾ ಬಂತು.

ಜಕಾರ್ತಕ್ಕೆ ಹೊರಡುವ ವೇಳೆಗೆ ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಕಾಡುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0-2ರ ಸೋಲು. ಬಳಿಕ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ರಹೀಂ ಅವರನ್ನು ಹೊರಗೆ ಕೂರಿಸದೆ ಮುಂಚೂಣಿಗೆ ತಂದರು. ಸೆಮಿಫೈನಲ್‌ನಲ್ಲೂ ಫೈನಲ್‌ನಲ್ಲೂ ಜರ್ನೈಲ್ ಗೋಲು ಹೊಡೆದರು. ತಮ್ಮನ್ನು ಸೋಲಿಸಿದ್ದ ಕೊರಿಯಾವನ್ನೇ ಭಾರತ ಫೈನಲ್‌ನಲ್ಲಿ 2-1ರಿಂದ ಮಣಿಸಿತು. ಪ್ರೇಕ್ಷಕರ ಬಹುಪಾಲು ಬೆಂಬಲ ಎದುರಾಳಿಗಿತ್ತು.

ಒಂಬತ್ತೇ ತಿಂಗಳಲ್ಲಿ, 1963ರ ಜೂನ್ 11ರಂದು, ರಹೀಂ ನಿಧನರಾದರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಕೂಟದವರೆಗೂ ಆ ಚಿನ್ನ ಭಾರತಕ್ಕೆ ಮತ್ತೆ ಒಲಿದಿಲ್ಲ. ದಾವಣಗೆರೆಯ ನಿಟ್ಟುವಳ್ಳಿಯಂತಹ ಬಡಾವಣೆಗಳಲ್ಲಿ ಸಂಜೆ ಮಕ್ಕಳನ್ನು ಆಡಿಸುವ ಶಿಕ್ಷಕರಿಗೆ ರಹೀಂ ಪರಕೀಯರಲ್ಲ. ಅವರೂ ಮೊದಲು ಮೇಷ್ಟ್ರೇ ಆಗಿದ್ದರು.