ಕಿಡಿಯ ಜಾಡು ಹಿಡಿದ ಚಾರ್ಲ್ಸ್ ಕೆಟರಿಂಗ್

ಹಳೆಯ ಅಂಬಾಸಿಡರ್ ಕಾರುಗಳ ಬಾನೆಟ್ ಎತ್ತಿದರೆ ಎಂಜಿನ್ನಿನ ಬಳಿ ಚಿಕ್ಕ ಡಬ್ಬಿಯಂತಹ ಒಂದು ವಸ್ತು ಕಾಣಿಸುತ್ತಿತ್ತು. ಅದರ ನೆತ್ತಿಯಿಂದ ಹೊರಟ ದಪ್ಪ ತಂತಿಯೊಂದು ಡಿಸ್ಟ್ರಿಬ್ಯೂಟರಿಗೆ ಹೋಗುತ್ತಿತ್ತು. ಅದೇ ಇಗ್ನಿಷನ್ ಕಾಯಿಲ್. ಪೆಟ್ರೋಲಿನ ಆವಿಯನ್ನು ಹೊತ್ತಿಸುವ ಕಿಡಿ ಹುಟ್ಟುವುದು ಅಲ್ಲಿ. ಇಂತಹ ಸುರುಳಿಯನ್ನು ಐರ್ಲೆಂಡಿನ ಮೇನೂತ್ ಕಾಲೇಜಿನ ಪಾದ್ರಿ, ಪ್ರಾಧ್ಯಾಪಕ ನಿಕೊಲಸ್ ಕ್ಯಾಲನ್ 1836ರಲ್ಲಿಯೇ ರಚಿಸಿದ್ದನು. ಆಗ ಲೋಕದಲ್ಲಿ ಮೋಟಾರು ಕಾರೇ ಇರಲಿಲ್ಲ. ಕಾರಿನ ಬ್ಯಾಟರಿಗೂ ಈ ಸುರುಳಿಗೂ ಸರಿಯಾದ ನಂಟನ್ನು ಬೆಸೆದು, ಮುಂದೆ ಅರುವತ್ತು ವರ್ಷಗಳ ಕಾಲ ಲೋಕದ ಬಹುತೇಕ ಕಾರುಗಳು ಅನುಸರಿಸುವಂತಹ ಏರ್ಪಾಟನ್ನು ಮಾಡಿದವನು ಅಮೆರಿಕದ ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್.

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಒಹಾಯೊ ರಾಜ್ಯದ ಲೌಡನ್‌ವಿಲ್ ಎಂಬ ಊರಿನ ಸಮೀಪದ ಒಂದು ರೈತ ಮನೆತನದಲ್ಲಿ. ಓದಿನಲ್ಲಿ ಆಸೆಯೇನೋ ಬಹಳ. ಆದರೆ ಕಣ್ಣುಗಳು ದುರ್ಬಲ. ಸ್ವಲ್ಪ ಹೊತ್ತು ಪುಸ್ತಕ ಹಿಡಿದರೆ ಸಾಕು, ತಲೆನೋವು ಹತ್ತುತ್ತಿತ್ತು. ಶಾಲೆ ಮುಗಿಸಿದ ಮೇಲೆ ಅವನು ಹಳ್ಳಿಯ ಶಾಲೆಗಳಲ್ಲಿ ಉಪಾಧ್ಯಾಯನಾಗಿ ಕೆಲಸ ಮಾಡಿದನು. ನಮ್ಮ ವೃತ್ತಿಯವನೇ ಎಂದು ನಾವು ಹೆಮ್ಮೆಪಡಬಹುದು! ಅನಂತರ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಎಂಜಿನಿಯರಿಂಗ್ ಕಲಿಯಲು ಸೇರಿದನಾದರೂ ಕಣ್ಣಿನ ಬಾಧೆಯಿಂದ ಅರ್ಧದಲ್ಲೇ ಬಿಡಬೇಕಾಯಿತು. ಓದು ಬಿಟ್ಟು ಬಂದ ಯುವಕನು ಟೆಲಿಫೋನ್ ಕಂಬ ನೆಡುವ, ತಂತಿ ಎಳೆಯುವ ಕೂಲಿಗಳ ತಂಡವನ್ನು ಸೇರಿಕೊಂಡನು. ಬಯಲಿನಲ್ಲಿ ದುಡಿಯುತ್ತ ಕಣ್ಣಿಗೆ ವಿಶ್ರಾಂತಿ ದೊರೆಯಿತು; ತಂತಿಯೊಳಗಿನ ವಿದ್ಯುತ್ತಿನ ಪರಿಚಯವೂ ಕೈಯಾರೆ ಆಯಿತು. ಟೆಲಿಫೋನ್ ಕಚೇರಿಯಲ್ಲಿದ್ದ ಆಲಿವ್ ವಿಲಿಯಮ್ಸ್ ಎಂಬವಳ ಪರಿಚಯವಾದದ್ದೂ ಆ ದಿನಗಳಲ್ಲೇ. 1905ರಲ್ಲಿ ಅವರ ವಿವಾಹವಾಯಿತು.

ಕೆಟರಿಂಗ್ ಮತ್ತೆ ಕಾಲೇಜಿಗೆ ಹೋದನು. ಜೊತೆಯ ಗೆಳೆಯರು ಪಾಠಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಇವನು ಕೇಳಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದನು. ಹೀಗೆ 1904ರಲ್ಲಿ ಪದವಿ ಪಡೆದಾಗ ಅವನಿಗೆ ಇಪ್ಪತ್ತೇಳು ತುಂಬಿ ಇಪ್ಪತ್ತೆಂಟು ಸಮೀಪಿಸಿತ್ತು. ಸಹಪಾಠಿಗಳಿಗಿಂತ ಐದಾರು ವರ್ಷ ತಡ.

ಡೇಟನ್ ನಗರದಲ್ಲಿ ಅಂಗಡಿಗಳ ಹಣದ ಲೆಕ್ಕವಿಡುವ ಕ್ಯಾಶ್ ರಿಜಿಸ್ಟರ್ ಯಂತ್ರಗಳನ್ನು ಮಾಡುವ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಆವರೆಗೆ ಆ ಯಂತ್ರವನ್ನು ಕೈಯಿಂದ ತಿರುಗಿಸಬೇಕಿತ್ತು. ಕೆಟರಿಂಗ್ ಅದಕ್ಕೆ ವಿದ್ಯುತ್ ಮೋಟಾರನ್ನು ಜೋಡಿಸಿದನು. ಕ್ಷಣಮಾತ್ರ ದುಡಿಯಬೇಕಾದ ಮೋಟಾರು ದೊಡ್ಡದಾಗಿರಬೇಕಾಗಿಲ್ಲ, ಪುಟ್ಟ ಮೋಟಾರಿನಿಂದಲೂ ಒಂದು ಕ್ಷಣಕ್ಕೆ ಬಹಳ ಬಲವನ್ನು ಪಡೆಯಬಹುದು ಎಂಬುದನ್ನು ಅವನು ಇಲ್ಲಿ ಕಂಡುಕೊಂಡನು. ಈ ತಿಳಿವಳಿಕೆ ಮುಂದೆ ಅವನ ಕೈಹಿಡಿಯಿತು.

ಅದೇ ಕಾರ್ಖಾನೆಯ ಹಿರಿಯ ಅಧಿಕಾರಿ ಎಡ್ವರ್ಡ್ ಡೀಡ್ಸ್ ತನ್ನ ಮನೆಯ ಹಿಂದಿನ ಕೊಟ್ಟಿಗೆಯನ್ನು ಪ್ರಯೋಗಗಳಿಗೆ ಬಿಟ್ಟುಕೊಟ್ಟನು. ಹಗಲಿನ ನೌಕರಿ ಮುಗಿಸಿ, ಕೆಲವು ಗೆಳೆಯರೊಡನೆ ಕೆಟರಿಂಗ್ ಆ ಕೊಟ್ಟಿಗೆಯಲ್ಲಿ ರಾತ್ರಿಗಳನ್ನು ಕಳೆದನು. ಅವರು ಕೈಹಾಕಿದ್ದು ಕಾರಿನ ಕಿಡಿಗೆ.

ಆಗಿನ ಅನೇಕ ಕಾರುಗಳ ಕಾಯಿಲಿನಲ್ಲಿ ವಿದ್ಯುತ್ ಕರೆಗಂಟೆಯಲ್ಲಿರುವಂತೆ ಸದಾ ನಡುಗುವ ಒಂದು ನಾಲಿಗೆ ಇರುತ್ತಿತ್ತು. ಒಂದು ಕಿಡಿ ಬೇಕಾದ ಕಡೆ ಅದು ಹತ್ತಾರು ಕಿಡಿಗಳನ್ನು ಉದುರಿಸುತ್ತಿತ್ತು. ಒಣ ಬ್ಯಾಟರಿಗಳು ಬಹು ಬೇಗ ಖಾಲಿಯಾಗುತ್ತಿದ್ದವು. ಕಿಡಿಯ ಸಮಯವೂ ನಿಖರವಲ್ಲ. ಜನರೆಲ್ಲ ಇನ್ನೂ ಒಳ್ಳೆಯ ಬ್ಯಾಟರಿ ಬೇಕೆಂದು ಹಂಬಲಿಸುತ್ತಿದ್ದಾಗ ಕೆಟರಿಂಗ್ ಬೇರೊಂದು ಪ್ರಶ್ನೆ ಹಾಕಿಕೊಂಡನು: ಎಂಜಿನ್ನಿಗೆ ಒಂದೇ ಕಿಡಿ ಸಾಕಾಗಿರುವಾಗ ಉಳಿದವು ಏಕೆ? ಪ್ರತಿ ಸಲಕ್ಕೆ ಒಂದೇ ಬಲವಾದ ಕಿಡಿ ಬರುವಂತೆ ಅವನು ಏರ್ಪಾಟು ಮಾಡಿದನು. ಕ್ಯಾಡಿಲಾಕ್ ಕಾರಿನ ಕಂಪೆನಿಯ ಹೆನ್ರಿ ಲೀಲೆಂಡ್ ಇದನ್ನು ಮೆಚ್ಚಿ ಕೊಂಡನು. ಕೆಟರಿಂಗ್ 1909ರಲ್ಲಿ ನೌಕರಿ ಬಿಟ್ಟನು. ಅವನೂ ಡೀಡ್ಸನೂ ಕೂಡಿ ಕಟ್ಟಿದ ಸಂಸ್ಥೆಯೇ ಡೆಲ್ಕೊ.

ಕಾಯಿಲಿನ ಕೆಲಸವನ್ನು ಹತ್ತನೆಯ ತರಗತಿಯ ಮಕ್ಕಳು ಸುಲಭವಾಗಿ ತಿಳಿಯಬಲ್ಲರು. ಕಬ್ಬಿಣದ ತಿರುಳಿನ ಮೇಲೆ ದಪ್ಪ ತಂತಿಯ ಕೆಲವು ನೂರು ಸುತ್ತುಗಳು. ಅದರೊಡನೆ ಕೂದಲಿನಂತಹ ಸಣ್ಣ ತಂತಿಯ ಸಾವಿರಾರು ಸುತ್ತುಗಳು. ಬ್ಯಾಟರಿಯ ಪ್ರವಾಹ ದಪ್ಪ ತಂತಿಯಲ್ಲಿ ಹರಿಯುವಾಗ ಕಾಂತಕ್ಷೇತ್ರ ಬೆಳೆಯುತ್ತದೆ. ಪಾಯಿಂಟು ಎಂದು ಮೆಕ್ಯಾನಿಕರು ಕರೆಯುವ ಎರಡು ಲೋಹದ ತುದಿಗಳು ಥಟ್ಟನೆ ಬೇರ್ಪಟ್ಟಾಗ ಪ್ರವಾಹ ನಿಲ್ಲುತ್ತದೆ, ಕಾಂತಕ್ಷೇತ್ರ ಕುಸಿಯುತ್ತದೆ, ಆ ಕುಸಿತವೇ ಸಣ್ಣ ತಂತಿಯಲ್ಲಿ ಹದಿನೈದು ಇಪ್ಪತ್ತು ಸಾವಿರ ವೋಲ್ಟನ್ನು ಎಬ್ಬಿಸುತ್ತದೆ. ಕಿಡಿ ಹುಟ್ಟುವುದು ಪ್ರವಾಹ ಹರಿಯುವಾಗ ಅಲ್ಲ, ನಿಂತಾಗ! ಪಾಯಿಂಟಿನ ತುದಿಯಲ್ಲೇ ಕಿಡಿ ಹಾರಿ ಅದು ಸುಟ್ಟುಹೋಗದಂತೆ ಪಕ್ಕದಲ್ಲಿ ಕಂಡೆನ್ಸರ್ ಕಾವಲಿರುತ್ತದೆ.

ಇಂತಹ ಕಾರು ದಾರಿಯಲ್ಲಿ ಕೆಟ್ಟು ನಿಂತರೆ ಅನೇಕರು ಮೊದಲು ಕಾಯಿಲನ್ನೇ ಬದಲಾಯಿಸಲು ಹೊರಡುತ್ತಿದ್ದರು. ತಿಳಿದ ಮೆಕ್ಯಾನಿಕ್ ಹಾಗೆ ಮಾಡುತ್ತಿರಲಿಲ್ಲ. ಪ್ಲಗ್ಗಿನಲ್ಲಿ ಮಸಿ ಹಿಡಿದಿದೆಯೇ, ಪಾಯಿಂಟು ಸುಟ್ಟು ಕುಳಿ ಬಿದ್ದಿದೆಯೇ, ಅದರ ಸಂದು ಹೆಚ್ಚು ಕಡಿಮೆಯಾಗಿದೆಯೇ, ಕಂಡೆನ್ಸರ್ ಸತ್ತಿದೆಯೇ, ತಂತಿಯ ಹೊದಿಕೆ ಬಿರಿದಿದೆಯೇ ಎಂದು ನೋಡಿ ಕೊನೆಗೆ ಕಾಯಿಲಿಗೆ ಬರುತ್ತಿದ್ದನು. ಚೆನ್ನಾಗಿ ಓಡಿದ ಕಾರು ಬಿಸಿಯೇರಿ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಹೊರಟರೆ ಮಾತ್ರ ಕಾಯಿಲಿನ ಮೇಲೆ ಸಂಶಯಪಡಲು ಕಾರಣವಿತ್ತು. ಒಳಗಿನ ಹೊದಿಕೆ ಬಿಸಿಗೆ ಸೋಲುತ್ತಿದೆ ಎಂದರ್ಥ.

ಇಂಗ್ಲೆಂಡಿನ ಎಂ.ಜಿ.ಯಂತಹ ಸಣ್ಣ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಏರ್ಪಾಟಿನ ಮಿತಿಯೂ ಗೋಚರಿಸಿತು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಸೆಕೆಂಡಿಗೆ 200 ಕಿಡಿ ಬೇಕು. ಎರಡು ಕಿಡಿಗಳ ನಡುವೆ ಸೆಕೆಂಡಿನ ಇನ್ನೂರನೆಯ ಒಂದು ಪಾಲು ಮಾತ್ರ ಬಿಡುವು. ಅಷ್ಟರಲ್ಲಿ ಕಾಯಿಲಿನ ಕಾಂತಕ್ಷೇತ್ರ ಪೂರ್ತಿ ಬೆಳೆಯುವುದಿಲ್ಲ, ಕಿಡಿ ಸೊರಗುತ್ತದೆ. ವೇಗದ ಹುಚ್ಚಿನ ತರುಣರು ಹೆಚ್ಚು ಪ್ರವಾಹ ಎಳೆಯುವ ಬಲವಾದ ಕಾಯಿಲನ್ನು ಹಾಕಿಸಿಕೊಂಡರು. ಕಿಡಿ ಬಲವಾಯಿತು, ಪಾಯಿಂಟು ಬೇಗ ಸುಟ್ಟಿತು. ಒಂದನ್ನು ಬಲಪಡಿಸಿದರೆ ಅದರ ಹೊರೆ ಪಕ್ಕದ್ದರ ಮೇಲೆ ಬೀಳುತ್ತದೆ. ಪಾಯಿಂಟಿನ ಜಾಗಕ್ಕೆ ಟ್ರಾನ್ಸಿಸ್ಟರ್ ಬಂದ ಮೇಲಷ್ಟೇ ಈ ತೊಡಕು ಬಿಡಿಸಿತು.

ಮತ್ತೆ ಕೆಟರಿಂಗನ ಕಥೆಗೆ ಬರೋಣ. ಆಗ ಕಾರನ್ನು ಹೊರಡಿಸಲು ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಅದು ಹಿಮ್ಮೆಟ್ಟಿ ಬಡಿದು ಕೈ ಮುರಿದುಕೊಂಡವರು ಎಷ್ಟೋ ಮಂದಿ. ಎಂಜಿನ್ನನ್ನು ವಿದ್ಯುತ್ತಿನಿಂದ ತಿರುಗಿಸಲು ಭಾರೀ ಮೋಟಾರು ಬೇಕು, ಅದು ಆಗದ ಕೆಲಸ ಎಂದು ತಜ್ಞರು ಕೈಬಿಟ್ಟಿದ್ದರು. ಕೆಟರಿಂಗನಿಗೆ ಕ್ಯಾಶ್ ರಿಜಿಸ್ಟರಿನ ಪುಟ್ಟ ಮೋಟಾರು ನೆನಪಿತ್ತು. 1911ರಲ್ಲಿ ಅವನ ಸ್ಟಾರ್ಟರ್ ಸಿದ್ಧವಾಯಿತು. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಸ್ಟಾರ್ಟರ್, ದೀಪ, ಕಿಡಿ ಮೂರೂ ಒಂದೇ ವಿದ್ಯುತ್ ಏರ್ಪಾಟಿನಲ್ಲಿ ಸೇರಿದವು. ಕೈಬಲವಿಲ್ಲದವರೂ ಕಾರು ಹೊರಡಿಸುವಂತಾಯಿತು. ಡೆಲ್ಕೊ ಸಂಸ್ಥೆ ಕೆಲವು ವರ್ಷಗಳಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯನ್ನು ಸೇರಿತು. ಆ ಕಂಪೆನಿಯ ಸಂಶೋಧನೆಗಳ ಮುಖ್ಯಸ್ಥನಾಗಿ ಕೆಟರಿಂಗ್ 1947ರ ವರೆಗೆ ದುಡಿದನು.

ಇನ್ನು ಹೇಳಬೇಕಾದ ಭಾಗ ಅಷ್ಟು ಹಿತವಾದುದಲ್ಲ. ಆದರೆ ಹೇಳದೆ ಬಿಟ್ಟರೆ ಮಕ್ಕಳಿಗೆ ಅರ್ಧ ಚರಿತ್ರೆಯನ್ನಷ್ಟೇ ಕೊಟ್ಟಂತಾಗುತ್ತದೆ. ಏರು ಹತ್ತುವಾಗ ಎಂಜಿನ್ನಿನಲ್ಲಿ ಸುತ್ತಿಗೆಯಿಂದ ಬಡಿದಂತಹ ಸದ್ದು ಕೇಳುತ್ತಿತ್ತು. ಕೆಟರಿಂಗನ ಬ್ಯಾಟರಿ ಕಿಡಿಯೇ ಇದಕ್ಕೆ ಕಾರಣವೆಂದು ಟೀಕಾಕಾರರು ದೂರಿದರು. ಅವನು ಕಾರಣದ ಜಾಡು ಹಿಡಿದು ಹೊರಟನು. ತಪ್ಪು ಕಿಡಿಯದಲ್ಲ, ಪೆಟ್ರೋಲು ಉರಿಯುವ ರೀತಿಯದು ಎಂಬುದು ಸ್ಪಷ್ಟವಾಯಿತು. ಅವನ ಕೈಕೆಳಗಿನ ಥಾಮಸ್ ಮಿಡ್ಜ್‌ಲಿ 1921ರ ಡಿಸೆಂಬರಿನಲ್ಲಿ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಅತ್ಯಲ್ಪ ಬೆರೆಸಿದಾಗ ಬಡಿತ ನಿಂತುಹೋಯಿತು. ಸೀಸ ವಿಷವೆಂಬುದು ಪುರಾತನ ಕಾಲದಿಂದ ತಿಳಿದ ಸಂಗತಿ. ಆಲ್ಕೊಹಾಲ್ ಬೆರೆಸಿದರೂ ಬಡಿತ ತಗ್ಗುತ್ತದೆಂಬುದು ಅವರಿಗೆ ಗೊತ್ತಿತ್ತು. ಆದರೂ ಅಗ್ಗವೂ ಲಾಭಕರವೂ ಆದ ಸೀಸವೇ ಮಾರುಕಟ್ಟೆಗೆ ಬಂದಿತು. ಅದನ್ನು ಮಾರುವ ಕಂಪೆನಿಗೆ ಕೆಟರಿಂಗನೇ ಮೊದಲ ಅಧ್ಯಕ್ಷ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕೆಲಸಗಾರರು ಬುದ್ಧಿಭ್ರಮಣೆಯಾಗಿ ಸತ್ತರು. ಮಾರಾಟ ಕೆಲಕಾಲ ನಿಂತು, ಮತ್ತೆ ಮುಂದುವರಿಯಿತು. ಹೊಗೆಯೊಡನೆ ಹೊರಬಿದ್ದ ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾಡಿದ ಹಾನಿ ದಶಕಗಳ ಬಳಿಕವಷ್ಟೇ ಚೆನ್ನಾಗಿ ಬೆಳಕಿಗೆ ಬಂತು.

ಇಷ್ಟು ಚುರುಕಾಗಿ ದೋಷದ ಮೂಲವನ್ನು ಹುಡುಕಬಲ್ಲವನು ತನ್ನ ಪರಿಹಾರದ ದೋಷವನ್ನು ಏಕೆ ಹುಡುಕಲಿಲ್ಲ? ಲಾಭದ ಲೆಕ್ಕ ಅಡ್ಡ ಬಂತೆಂದೇ ನಮಗೆ ತೋರುತ್ತದೆ. ಅವನು ಒಳ್ಳೆಯ ಕೆಲಸಗಳಿಗೆ ಧಾರಾಳವಾಗಿ ಹಣ ಕೊಟ್ಟವನೂ ಹೌದು. 1945ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಆಲ್‌ಫ್ರೆಡ್ ಸ್ಲೋನನ ಹೆಸರಿನೊಡನೆ ಇವನ ಹೆಸರೂ ಇದೆ. ಮರುವರ್ಷವೇ ಪತ್ನಿ ಆಲಿವ್ ತೀರಿಕೊಂಡಳು.

ಸುಮಾರು 186 ಪೇಟೆಂಟುಗಳ ಒಡೆಯನಾಗಿದ್ದ ಕೆಟರಿಂಗ್ 1958ರ ನವೆಂಬರ್ 25ರಂದು ಡೇಟನ್ನಿನಲ್ಲಿ ನಿಧನ ಹೊಂದಿದನು. ಆಗ ಅವನಿಗೆ 82 ವರ್ಷ. ಈಗಿನ ಕಾರುಗಳಲ್ಲಿ ಪಾಯಿಂಟು ಇಲ್ಲ, ಡಿಸ್ಟ್ರಿಬ್ಯೂಟರ್ ಇಲ್ಲ. ಒಂದೊಂದು ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಪುಟ್ಟ ಕಾಯಿಲ್ ಕುಳಿತಿರುತ್ತದೆ, ಕಿಡಿಯ ಕ್ಷಣವನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಸೀಸ ಬೆರೆತ ಪೆಟ್ರೋಲಿನ ಮಾರಾಟ ಭಾರತದಲ್ಲಿ ನಿಂತದ್ದು 2000ದಲ್ಲಿ. ಕೊನೆಯದಾಗಿ ಆಲ್ಜೀರಿಯಾ ದೇಶದಲ್ಲಿ, 2021ರಲ್ಲಿ.