ತೀರ್ಪು ಕೊಡುವವರೂ ಕಲಿಯಬೇಕು: ಮಾರ್ಜರಿ ಫ್ರೈ

ಈ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ನಾನು ಕೋರ್ಟಿನಲ್ಲಿ ಗುಮಾಸ್ತನಾಗಿ ಸೇರಿ, ಶಿರಸ್ತೇದಾರನಾಗಿ ನಿವೃತ್ತನಾದೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಬಗ್ಗೆ ಬರೆಯಿರಿ ಎಂದಾಗ ನನಗೆ ನೆನಪಾದವರು ಇಂಗ್ಲೆಂಡಿನ ಮಾರ್ಜರಿ ಫ್ರೈ.

ಅವರು 1874ರಲ್ಲಿ ಲಂಡನ್ನಿನ ಕ್ವೇಕರ್ ಪಂಥದ ಮನೆತನದಲ್ಲಿ ಹುಟ್ಟಿದರು. ತಂದೆ ಎಡ್ವರ್ಡ್ ಫ್ರೈ ನ್ಯಾಯಾಧೀಶರು. ಅಣ್ಣ ರೋಜರ್ ಫ್ರೈ ಹೆಸರಾಂತ ಕಲಾವಿಮರ್ಶಕರು. ಮಾರ್ಜರಿ ಆಕ್ಸ್‌ಫರ್ಡಿನ ಸಾಮರ್ವಿಲ್ ಕಾಲೇಜಿನಲ್ಲಿ ಗಣಿತ ಓದಿದರು. ಆದರೆ ಆ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ಪದವಿ ಕೊಡಲು ತೊಡಗಿದ್ದು 1920ರಲ್ಲಿ! ಮೊದಲ ಮಹಾಯುದ್ಧದ ವೇಳೆ ಅವರು ಫ್ರಾನ್ಸಿಗೆ ಹೋಗಿ ಯುದ್ಧದಲ್ಲಿ ನೊಂದವರ ಸೇವೆ ಮಾಡಿದರು. ಮರಳಿ ಬಂದ ಮೇಲೆ ಸೆರೆಮನೆಗಳ ಸುಧಾರಣೆಗೆ ತಮ್ಮನ್ನು ಮುಡಿಪಾಗಿಟ್ಟರು.

ಅಲ್ಲಿನ ಮ್ಯಾಜಿಸ್ಟ್ರೇಟರಲ್ಲಿ ಹೆಚ್ಚಿನವರು ನಮ್ಮಲ್ಲಿನಂತೆ ಕಾನೂನು ಓದಿ ಬಂದವರಲ್ಲ, ಸಂಬಳವಿಲ್ಲದೆ ಪೀಠದಲ್ಲಿ ಕೂರುವ ಊರಿನ ಜನ. ಒಬ್ಬನನ್ನು ಜೈಲಿಗೆ ಕಳುಹಿಸುವ ಅಧಿಕಾರ ಅವರಿಗಿತ್ತು. ಆ ಕೆಲಸವನ್ನು ಕಲಿಸಿಕೊಡುವ ವ್ಯವಸ್ಥೆ ಇರಲಿಲ್ಲ. ಈ ಕೊರತೆ ನೀಗಲು 1920ರಲ್ಲಿ ಮ್ಯಾಜಿಸ್ಟ್ರೇಟರ ಸಂಘ ಹುಟ್ಟಿತು. ಹೊವಾರ್ಡ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾಗಿದ್ದ ಸೆಸಿಲ್ ಲೀಸನ್ ಅದರ ಕಾರ್ಯದರ್ಶಿಯಾದರು. 1919ರ ಕಾಯಿದೆ ಹೆಂಗಸರಿಗೂ ಪೀಠದ ಬಾಗಿಲು ತೆರೆದಿತ್ತು. 1921ರಲ್ಲಿ ಮ್ಯಾಜಿಸ್ಟ್ರೇಟರಾದ ಮಾರ್ಜರಿ ಈ ಹೊಸ ಸಂಘದಲ್ಲಿ ಮನಸಾರೆ ದುಡಿದರು. ಹೊವಾರ್ಡ್ ಲೀಗಿನ ಕಾರ್ಯದರ್ಶಿಯೂ ಆಗಿದ್ದ ಅವರು ಮರುವರ್ಷ ಹಾಲೊವೇ ಹೆಣ್ಣುಮಕ್ಕಳ ಜೈಲಿಗೆ ಶಿಕ್ಷಣ ಸಲಹೆಗಾರರಾದರು. ತಾವು ವಿಧಿಸುವ ಶಿಕ್ಷೆ ಎಂಥದ್ದೆಂಬುದನ್ನು ಕಣ್ಣಾರೆ ಕಂಡು ಪೀಠದಲ್ಲಿ ಕೂತವರು ಅವರು. ಮರಣದಂಡನೆ ಬೇಡವೆಂದು ಕೊನೆಯವರೆಗೂ ಹೋರಾಡಿದರು.

ಅಪರಾಧಿಗಳ ಪರ ಇಷ್ಟು ದುಡಿದವರು ನೊಂದವರನ್ನೂ ಮರೆಯಲಿಲ್ಲ. ಹಲ್ಲೆಗೊಳಗಾಗಿ ದುಡಿಮೆ ಕಳೆದುಕೊಂಡವನಿಗೆ ಸರ್ಕಾರವೇ ಪರಿಹಾರ ಕೊಡಬೇಕೆಂದು ಮುಪ್ಪಿನಲ್ಲಿ ವಾದಿಸಿದರು. 1958ರಲ್ಲಿ ತೀರಿಕೊಂಡರು. ಬ್ರಿಟನ್ನಿನಲ್ಲಿ ಅಂಥ ಯೋಜನೆ ಜಾರಿಯಾದದ್ದು 1964ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ಮ್ಯಾಜಿಸ್ಟ್ರೇಟರ ಸಂಘ ಇಂದಿಗೂ ಇದೆ.

ನನ್ನ ನೌಕರಿಯ ಬಹುಕಾಲ, ತೀರ್ಪಿನ ದಿನ ಆರೋಪಿಯ ಹೆಸರು ಕೂಗುತ್ತಿದ್ದರು. ಗಂಡನನ್ನು ಕಳೆದುಕೊಂಡ ಹೆಂಗಸು ಹೊರಗಿನ ಜಗಲಿಯಲ್ಲೇ ಕೂತಿರುತ್ತಿದ್ದಳು. ಅವಳಿಗೆ ಏನು ಸಿಕ್ಕಿತೆಂದು ನಾನೂ ಕೇಳಿದವನಲ್ಲ. ನಮ್ಮ ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಕಲಮು ಸೇರಿ, 2011ರಲ್ಲಿ ಕರ್ನಾಟಕದ ಸಂತ್ರಸ್ತರ ಪರಿಹಾರ ಯೋಜನೆ ಬಂದ ಮೇಲಷ್ಟೇ ಅಂಥವರ ಕಡೆ ನನ್ನ ಕಣ್ಣು ಹೋಯಿತು. ಮಾರ್ಜರಿಯವರ ಬದುಕನ್ನು ಓದಿದಾಗ ನನಗೆ ನಾಚಿಕೆಯಾಯಿತು. ಈ ಶಾಲೆಯ ಮಕ್ಕಳಲ್ಲಿ ಯಾರಾದರೂ ನಾಳೆ ಆ ಪೀಠದಲ್ಲಿ ಕೂತರೆ, ಜಗಲಿಯ ಕಡೆಗೂ ಒಮ್ಮೆ ನೋಡಲಿ.