ಟೇಲರ್ ಸಾಹೇಬರ ಕೊನೆಯ ಪಯಣ

ಕೃಷ್ಣಾ ತೀರದ ತಿಂಥಣಿ ಮೌನೇಶ್ವರರ ಜಾತ್ರೆಗೆ ಹೋದವರು ಹತ್ತಿರದ ಸುರಪುರದಲ್ಲಿ ಟೇಲರ್ ಮಂಜಿಲ್ ನೋಡಿರಬಹುದು. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲ್‌ನಲ್ಲಿ ಜನಿಸಿದರು. ಹದಿಹರೆಯದಲ್ಲೇ ಭಾರತಕ್ಕೆ ಬಂದು ನಿಜಾಮರ ಸೇನೆ ಸೇರಿದ ಅವರಿಗೆ 1841ರಲ್ಲಿ ಸುರಪುರ ಸಂಸ್ಥಾನದ ಹೊಣೆ ಬಂತು. ಬಾಲರಾಜ ವೆಂಕಟಪ್ಪ ನಾಯಕ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದನಂತೆ.

ರಾಜಕಾರಣದ ನಡುವೆ ಅವರ ಮನಸ್ಸು ಹರಿದದ್ದು ರಾಜನಕೋಳೂರಿನ ಬಯಲಿನ ಕಲ್ಲುಮನೆಗಳತ್ತ. ಅಳತೆ ಮಾಡಿ, ಚಿತ್ರ ಬರೆದು, ಇವು ತಮ್ಮ ಪೂರ್ವಜರ ನಾಡಿನ ಪುರಾತನ ಸಮಾಧಿಗಳನ್ನೇ ಹೋಲುತ್ತವೆ ಎಂದು ತೋರಿಸಿದರು. ನಮ್ಮವರು ಬರೀ ಹೊಲದ ಕಲ್ಲೆಂದುಕೊಂಡಿದ್ದನ್ನು ಪರದೇಶಿಯೊಬ್ಬರು ಗುರುತಿಸಿದರಲ್ಲ!

1860ರಲ್ಲಿ ಸ್ವದೇಶಕ್ಕೆ ಮರಳಿದರು. ದೃಷ್ಟಿ ಕುಂದಿದ ಮೇಲೂ 1875ರಲ್ಲಿ ಕಡಲು ದಾಟಿ ಮತ್ತೆ ಭಾರತಕ್ಕೆ ಬಂದರು. ಇಲ್ಲಿ ಜ್ವರ ಹಿಡಿಯಿತು. ಹಿಂದಿರುಗುವ ದಾರಿಯಲ್ಲಿ ಫ್ರಾನ್ಸಿನ ಮಾಂತೋನ್‌ನಲ್ಲಿ 1876ರ ಮೇ 13ರಂದು ನಿಧನರಾದರು.